ಕೌದಿಯ ಹಿಂದಿನ ಮಗ್ಗುಲು: ಅಲಬಾಮಾದ ಜೀಸ್ ಬೆಂಡ್‌ಗೆ ನಾಲ್ಕು ದಿನ

ಮೊದಲ ದಿನ, ಗುರುವಾರ: ಅಟ್ಲಾಂಟಾ

ನವಲಗುಂದ ತಾಲ್ಲೂಕಿನ ನಮ್ಮೂರಿನಿಂದ ಅವ್ವ ಅಟ್ಲಾಂಟಾಕ್ಕೆ ಬಂದಿಳಿದಾಗ ಅವಳ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಇಡಿಯಾಗಿ ಕೌದಿಯೊಂದೇ ತುಂಬಿಕೊಂಡಿತ್ತು. ಶೇಂಗಾ ಹಿಂಡಿಗೆ, ಗುರೆಳ್ಳು ಪುಡಿಗೆ, ಖಡಕ್ ರೊಟ್ಟಿಗೆ ಸಿಗಬೇಕಾಗಿದ್ದ ತೂಕವನ್ನೆಲ್ಲ ಆ ಹಳೆಯ ಸೀರೆಗಳ ಗಂಟು ನುಂಗಿಹಾಕಿತೆಂದು ನಾನು ಮುನಿಸಿನಿಂದಲೇ ಹೇಳಿದ್ದೆ. ಅವ್ವ ಉತ್ತರ ಕೊಡದೆ ಕೌದಿಯನ್ನು ನನ್ನ ಹಾಸಿಗೆಯ ಮೇಲೆ ಹಾಸಿ, ಅಂಚನ್ನು ಎರಡೂ ಕೈಯಿಂದ ಸವರಿ ಹೋಗಿದ್ದಳು. ಅಕ್ಟೋಬರ್ ಮೊದಲ ವಾರದಲ್ಲಿ ನಾಲ್ಕು ದಿನ ರಜೆ ಹಾಕಿ ಅವಳನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಯೋಚಿಸುವಾಗ ಹೊಳೆದದ್ದು ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿ. ಅಲ್ಲಿಯ ಕಪ್ಪು ಜನಾಂಗದ ಹೆಂಗಸರು ತಲೆಮಾರುಗಳಿಂದ ಹೊಲಿಯುತ್ತ ಬಂದ ಕ್ವಿಲ್ಟ್‌ಗಳು, ಅಂದರೆ ಅಲ್ಲಿಯ ಕೌದಿಗಳು, ಈಗ ಅಮೆರಿಕದ ದೊಡ್ಡ ಕಲಾಸಂಗ್ರಹಾಲಯಗಳ ಗೋಡೆಯ ಮೇಲಿವೆ. ಅವುಗಳನ್ನು ವರ್ಷಕ್ಕೊಮ್ಮೆ ಮನೆಯಿಂದ ಹೊರತೆಗೆದು ಬಿಸಿಲಿಗೆ ಹರವುವ ಹಳೆಯ ರೂಢಿಯನ್ನು ಊರಿನವರು 2022ರಿಂದ ಅಕ್ಟೋಬರ್ ತಿಂಗಳ ಹಬ್ಬವಾಗಿ ಮತ್ತೆ ಆರಂಭಿಸಿದ್ದಾರೆ.

ಊರಿಗೆ ಹೋಗುವ ಮುನ್ನ ಗೋಡೆಯ ಮೇಲಿನದನ್ನು ನೋಡೋಣವೆಂದು ಪೀಚ್‌ಟ್ರೀ ರಸ್ತೆಯ ಹೈ ಮ್ಯೂಸಿಯಂಗೆ ಹೋದೆವು. ದಕ್ಷಿಣದ ಕಪ್ಪು ಕಲಾವಿದರ 54 ಕೃತಿಗಳು 2017ರಲ್ಲಿ ಈ ಸಂಗ್ರಹಾಲಯಕ್ಕೆ ಒಟ್ಟಿಗೆ ಸೇರಿದವು, ಅವುಗಳಲ್ಲಿ ಜೀಸ್ ಬೆಂಡ್‌ನ ಕ್ವಿಲ್ಟ್‌ಗಳೂ ಇದ್ದವು. ಬಿಳಿ ಗೋಡೆ, ಮೇಲಿನಿಂದ ಬೀಳುವ ಹದವಾದ ಬೆಳಕು, ಅದರ ನಡುವೆ ಒಂದಾಳಿಗಿಂತ ಎತ್ತರದ ಬಟ್ಟೆ. ಒಂದು ಚೌಕದ ಸುತ್ತ ಇನ್ನೊಂದು ಚೌಕ, ಅದರ ಸುತ್ತ ಮತ್ತೊಂದು. ಮೇಲಿನಿಂದ ನೋಡಿದ ಮನೆಯ ಮಾಡಿನಂತೆ ಕಾಣುವುದರಿಂದ ಈ ಬಗೆಗೆ ಹೌಸ್‌ಟಾಪ್ ಎಂದು ಹೆಸರು. ಗೆರೆಗಳು ಎಲ್ಲಿಯೂ ನೆಟ್ಟಗಿಲ್ಲ. ಕೆಂಪು ಪಟ್ಟಿಯೊಂದು ಅರ್ಧದಾರಿಯಲ್ಲಿ ಮುಗಿದು ಹೋಗಿ ಅದರ ಜಾಗಕ್ಕೆ ಕಂದು ಬಂದಿದೆ, ಬಹುಶಃ ಕೆಂಪು ಬಟ್ಟೆ ಅಷ್ಟೇ ಇದ್ದಿರಬೇಕು.

ಅವ್ವ ಬಹಳ ಹೊತ್ತು ನಿಂತಳು. ಪಕ್ಕದಲ್ಲಿ ಕೆಲಸದ ಬಟ್ಟೆಗಳಿಂದ ಮಾಡಿದ ಇನ್ನೊಂದು ಕ್ವಿಲ್ಟ್ ತೂಗುತ್ತಿತ್ತು, ಬಹುಪಾಲು ನೀಲಿ ಡೆನಿಮ್. ಅವಳು ಅದರ ಕಡೆ ಬಾಗಿದಳು.

“ಇದ ಗಂಡಸರ ಪ್ಯಾಂಟಿನ ಅರಿವಿ. ಇಲ್ಲಿ ನೋಡು, ಇಲ್ಲೊಂದ ಕಿಸೆ ಇತ್ತು, ಕಿತ್ತಾರ.”

ಅವಳು ತೋರಿಸಿದ ಕಡೆ ಅಂಗೈಯಗಲದ ಚೌಕವೊಂದು ಸುತ್ತಲಿನದಕ್ಕಿಂತ ಗಾಢ ನೀಲಿಯಾಗಿತ್ತು. ಹತ್ತಾರು ವರ್ಷ ಬಿಸಿಲಿಗೆ, ಬೆವರಿಗೆ, ಒಗೆತಕ್ಕೆ ಸಿಕ್ಕು ಬಟ್ಟೆಯೆಲ್ಲ ಬಿಳಿಚಿದರೂ ಕಿಸೆಯ ಕೆಳಗಿನ ಬಣ್ಣ ಹಾಗೆಯೇ ಉಳಿದಿತ್ತು. ಅದರ ಕೆಳಗೆ ಮೊಣಕಾಲಿನ ಜಾಗ ಮಾತ್ರ ಬಿಳಿಯ ಅಂಡಾಕಾರವಾಗಿ ಸವೆದಿತ್ತು. ಫಲಕದ ಮೇಲೆ ಹೊಲಿದವರ ಹೆಸರು, ವರ್ಷ, ಬಟ್ಟೆಯ ಬಗೆ ಎಲ್ಲ ಇದ್ದವು, ಮೊಣಕಾಲು ಇರಲಿಲ್ಲ. ಅವ್ವನ ಬೆರಳು ಬಟ್ಟೆಯ ತೀರ ಹತ್ತಿರ ಹೋದಾಗ ಕಾವಲಿನವರು ವಿನಯದಿಂದಲೇ ಒಂದು ಹೆಜ್ಜೆ ಹಿಂದೆ ಸರಿಯಲು ಹೇಳಿದರು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಹಿಂದಿನ ಮಗ್ಗಲಾ ತೋರ್ಸೂದಿಲ್ಲೇನ? ಹೊಲಿಗಿ ಹೆಂಗದ ಅನ್ನೋದು ಅಲ್ಲೇ ಗೊತ್ತಾಗೂದು” ಎಂದಳು. ಗೋಡೆಗೆ ಒತ್ತಿ ನಿಲ್ಲಿಸಿದ ಬಟ್ಟೆಗೆ ಹಿಂದಿನ ಮಗ್ಗುಲು ಇರುವುದಿಲ್ಲವೆಂಬುದು ನನಗೂ ಆಗಲೇ ಹೊಳೆದದ್ದು.

ಫಲಕಗಳಲ್ಲಿ ಪೆಟ್‌ವೇ ಎಂಬ ಅಡ್ಡಹೆಸರು ಮತ್ತೆ ಮತ್ತೆ ಬರುತ್ತಿದ್ದುದನ್ನು ನೋಡಿ, ಇವರೆಲ್ಲ ಒಂದೇ ಮನೆತನದವರೇ ಎಂದು ಅವ್ವ ಕೇಳಿದಳು. ಅದು ಮನೆತನದ ಹೆಸರಲ್ಲ, ಒಡೆಯನ ಹೆಸರು. ಉತ್ತರ ಕ್ಯಾರೊಲೈನಾದ ಜೋಸೆಫ್ ಗೀ ಎಂಬಾತ 1816ರಲ್ಲಿ ಅಲಬಾಮಾ ನದಿಯ ತಿರುವಿನಲ್ಲಿ ಹತ್ತಿ ತೋಟ ಹಾಕಿದ; 1845ರಲ್ಲಿ ಅದು ಸಾಲದ ಲೆಕ್ಕಕ್ಕೆ ಮಾರ್ಕ್ ಪೆಟ್‌ವೇ ಎಂಬ ಸಂಬಂಧಿಯ ಕೈಸೇರಿತು. ಆತ ಉತ್ತರ ಕ್ಯಾರೊಲೈನಾದಿಂದ ಇಲ್ಲಿಗೆ ವಲಸೆ ಬಂದಾಗ ಸುಮಾರು ನೂರು ಮಂದಿ ಗುಲಾಮರನ್ನು ಅಷ್ಟು ದೂರವೂ ನಡೆಸಿಕೊಂಡೇ ತಂದ. ಬಿಡುಗಡೆಯಾದ ಮೇಲೂ ಅವರ ವಂಶಜರು ಅದೇ ನೆಲದಲ್ಲಿ ಗೇಣಿಗೆ ದುಡಿಯುತ್ತ ಉಳಿದರು, ಹೆಸರೂ ಉಳಿಯಿತು.

2002ರಲ್ಲಿ ಹ್ಯೂಸ್ಟನ್‌ನಲ್ಲಿ, ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಈ ಕ್ವಿಲ್ಟ್‌ಗಳ ಪ್ರದರ್ಶನ ನಡೆದಾಗ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಮೈಕೆಲ್ ಕಿಮ್ಮೆಲ್‌ಮನ್ ಮತೀಸ್ ಮತ್ತು ಕ್ಲೇ ಎಂಬ ಚಿತ್ರಕಾರರ ಹೆಸರು ತೆಗೆದು ಹೊಗಳಿದರು. ಆ ಹೊಗಳಿಕೆ ಇವರಿಗೆ ಬಾಗಿಲು ತೆರೆಯಿತೆಂಬುದು ನಿಜ, 2006ರಲ್ಲಿ ಹತ್ತು ಕ್ವಿಲ್ಟ್‌ಗಳು ಅಂಚೆಚೀಟಿಗಳೂ ಆದವು. ಆದರೂ ಆ ಹೋಲಿಕೆ ನನಗೆ ಪೂರ್ತಿ ಒಗ್ಗುವುದಿಲ್ಲ. ಚಿತ್ರಕಾರ ಬೇಕಾದ ಬಣ್ಣವನ್ನು ಕಲಸಿಕೊಳ್ಳುತ್ತಾನೆ. ಇಲ್ಲಿ ಬಣ್ಣವೆಂದರೆ ಯಾರೋ ಉಟ್ಟು ಬಿಟ್ಟದ್ದು. ಆ ವ್ಯತ್ಯಾಸ ಸಣ್ಣದಲ್ಲವೆಂದು ಹೇಳಲು ಅವ್ವನಿಗೆ ಕಿಸೆಯ ಗುರುತೊಂದು ಸಾಕಾಯಿತು.

ಎರಡನೆಯ ದಿನ, ಶುಕ್ರವಾರ: ಮಾಂಟ್‌ಗಮರಿ, ಸೆಲ್ಮಾ, ಕ್ಯಾಮ್ಡೆನ್

ಬೆಳಗಿನ ಆರಕ್ಕೆ ಹೊರಟು ಸುಮಾರು 260 ಕಿಲೋಮೀಟರ್ ದೂರದ ಮಾಂಟ್‌ಗಮರಿಯನ್ನು ಒಂಬತ್ತಕ್ಕೆ ಮುಟ್ಟಿದೆವು. ಅಲಬಾಮಾದ ಈ ರಾಜಧಾನಿಯಲ್ಲಿ ನೋಡಬೇಕಾದದ್ದು ಬಹಳವಿದೆ, ನಾವು ನಿಂತದ್ದು ಎರಡು ತಾಸು ಮಾತ್ರ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಆಗ ಇಲ್ಲಿಯ ಮಾಂಟ್‌ಗಮರಿ ಫೇರ್ ಎಂಬ ಮಳಿಗೆಯಲ್ಲಿ ಬಟ್ಟೆ ಹೊಲಿಯುವ ಕೆಲಸದಲ್ಲಿದ್ದರು ಎಂದಾಗ ಅವ್ವನ ಮುಖದಲ್ಲಿ ಮೊದಲ ಬಾರಿಗೆ ಈ ಊರಿನ ಬಗ್ಗೆ ಕುತೂಹಲ ಮೂಡಿತು. ದಿನವಿಡೀ ದುಡಿದು ಕಾಲು ಸೋತದ್ದರಿಂದ ಅವರು ಏಳಲಿಲ್ಲವೆಂಬ ಕಥೆಯನ್ನು ಮುಂದೆ ಅವರೇ ತಳ್ಳಿಹಾಕಿದ್ದರು, ತಗ್ಗಿ ನಡೆಯುವುದಷ್ಟೇ ಸಾಕಾಗಿತ್ತೆಂಬುದು ಅವರ ಮಾತಿನ ಭಾವ. ನಲವತ್ತು ವರ್ಷ ಊರಿನವರ ಕುಪ್ಪಸ ಹೊಲಿದ ಅವ್ವ ಆ ಕಥೆಯನ್ನೂ ನಂಬಿದಳು, ತಿದ್ದುಪಡಿಯನ್ನೂ ನಂಬಿದಳು.

ಮಾಂಟ್‌ಗಮರಿಯಿಂದ ಪಶ್ಚಿಮಕ್ಕೆ ಹೊರಟರೆ ಬ್ಲ್ಯಾಕ್ ಬೆಲ್ಟ್ ಎಂಬ ಸೀಮೆ. ನೆಲ ಕಪ್ಪಾಗಿರುವುದರಿಂದ ಬಂದ ಹೆಸರು ಇದು. ಆ ನೆಲದ ಹತ್ತಿಗಾಗಿ ತಂದು ಹಾಕಿದ ಜನರಿಂದಾಗಿ ಆಮೇಲೆ ಅದಕ್ಕೆ ಇನ್ನೊಂದು ಅರ್ಥವೂ ಕೂಡಿಕೊಂಡಿತು. ಎರಿ ಹೊಲದಲ್ಲಿ ಹುಟ್ಟಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ನಮ್ಮ ಎರಿನೇ ಐತಿ ಬಿಡು, ಮಳಿ ಆದ್ರ ಕಾಲ ಇಡಾಕ ಬರೂದಿಲ್ಲ” ಎಂದು ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

ಈ ಎರಡು ಎರೆನೆಲಗಳ ನಡುವೆ ಬೀಜದ ನಂಟೂ ಇದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮ್ಯಾಂಚೆಸ್ಟರಿನ ಗಿರಣಿಗಳಿಗಾಗಿ ಹಿಂದುಸ್ತಾನದಲ್ಲಿ ಉದ್ದ ಎಳೆಯ ಹತ್ತಿ ಬೆಳೆಸಲು ಹೊರಟು, ಅಮೆರಿಕದ ದಕ್ಷಿಣದಿಂದ ತೋಟಗಾರರನ್ನೂ ನ್ಯೂ ಆರ್ಲಿಯನ್ಸ್ ಬೀಜವನ್ನೂ ತರಿಸಿದರು. ಬೇರೆ ಹಲವೆಡೆ ಸೋತ ಆ ಪ್ರಯೋಗ ಧಾರವಾಡ ಸೀಮೆಯಲ್ಲಿ ನೆಲೆನಿಂತಿತು. ಅಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಧಾರವಾರ್-ಅಮೆರಿಕನ್’ ಎಂಬ ಹೆಸರೇ ಬಿತ್ತು. ಘಟ್ಟ ಇಳಿದು ಕುಮಟಾ ಬಂದರಿನ ದಾರಿಯಾಗಿ ಹತ್ತಿ ಹೊರಟಿತು. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ ಇಲ್ಲಿಯ ಬಂದರುಗಳು ಮುಚ್ಚಿದಾಗ ನಮ್ಮ ಕಡೆಯ ಹತ್ತಿಯ ಬೆಲೆ ಏರಿತು. ಅಂದರೆ ಇಲ್ಲಿಯವರ ಬಿಡುಗಡೆಗಾಗಿ ನಡೆದ ಯುದ್ಧದ ಲಾಭದಲ್ಲಿ ನಮ್ಮ ಮುತ್ತಜ್ಜಂದಿರ ಪಾಲೂ ಸ್ವಲ್ಪ ಇದ್ದಿರಬಹುದು. ಜಯಧರ ಹತ್ತಿ ಬಿತ್ತುತ್ತಿದ್ದ ಅಜ್ಜನ ಹೊಲವನ್ನು ನೆನೆದು ಅವ್ವ ಈ ಮಾತಿಗೆ ಹೂಂಗುಟ್ಟಿದಳೇ ಹೊರತು ಹೆಚ್ಚೇನೂ ಹೇಳಲಿಲ್ಲ.

ಸೆಲ್ಮಾದಲ್ಲಿ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಒಮ್ಮೆ ನಡೆದು ಹಿಂತಿರುಗಿದೆವು. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಹೊರಟ ಸುಮಾರು 600 ಮಂದಿಯನ್ನು ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಬಡಿದದ್ದು ಇದೇ ಸೇತುವೆಯ ಬುಡದಲ್ಲಿ. ಕತ್ತಲಾಗುವಷ್ಟರಲ್ಲಿ ವಿಲ್ಕಾಕ್ಸ್ ಕೌಂಟಿಯ ಕೇಂದ್ರವಾದ ಕ್ಯಾಮ್ಡೆನ್ ತಲುಪಿ ಅಲ್ಲಿಯೇ ಉಳಿದೆವು. ರಾತ್ರಿ ಊಟಕ್ಕೆ ಮೊಸರನ್ನ, ಶೇಂಗಾ ಹಿಂಡಿ.

ಮೂರನೆಯ ದಿನ, ಶನಿವಾರ: ಜೀಸ್ ಬೆಂಡ್

ಕ್ಯಾಮ್ಡೆನ್‌ನಿಂದ ಜೀಸ್ ಬೆಂಡ್‌ಗೆ ನದಿ ದಾಟಲು ಫೆರ್ರಿ ಇದೆ. ಸಿಗಂದೂರಿನ ಹಳೆಯ ಲಾಂಚಿನಂತೆಯೇ ಕಾರುಗಳನ್ನೂ ಹತ್ತಿಸಿಕೊಳ್ಳುವ ಚಪ್ಪಟೆ ದೋಣಿ ಅದು, ಆದರೆ ಸದ್ದೇ ಇಲ್ಲ. 2019ರಲ್ಲಿ ಅದರ ಡೀಸೆಲ್ ಎಂಜಿನ್ನುಗಳನ್ನು ಕಿತ್ತು ವಿದ್ಯುತ್ತಿನಿಂದ ಓಡುವಂತೆ ಮಾಡಿದ್ದಾರೆ. ನದಿ ಈ ಹಳ್ಳಿಯನ್ನು ಮೂರು ಕಡೆ ಬಳಸಿ ಹರಿಯುತ್ತದೆ. 1962ರಲ್ಲಿ, ಇಲ್ಲಿಯ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕ್ಯಾಮ್ಡೆನ್‌ಗೆ ಬರತೊಡಗಿದ ಕಾಲಕ್ಕೆ, ಫೆರ್ರಿ ನಿಂತುಹೋಯಿತು. ಮತ್ತೆ ಆರಂಭವಾದದ್ದು 2006ರಲ್ಲಿ. ನಡುವಿನ 44 ವರ್ಷ, ಎದುರು ದಡದ ಊರಿಗೆ ಹೋಗಬೇಕಾದವರು ಸುಮಾರು 65 ಕಿಲೋಮೀಟರ್ ರಸ್ತೆ ಸುತ್ತಬೇಕಾಗಿತ್ತು. ನಾವು ಇಪ್ಪತ್ತು ನಿಮಿಷದೊಳಗೆ ದಾಟಿದೆವು.

ಸರ್ಕಾರಿ ದಾಖಲೆಯಲ್ಲಿ ಊರಿನ ಹೆಸರು ಬಾಯ್ಕಿನ್, ಬಾಯಲ್ಲಿ ಮಾತ್ರ ಜೀಸ್ ಬೆಂಡ್. ಮನೆಗಳು ದೂರ ದೂರ ಚದುರಿವೆ. ದಾರಿಯುದ್ದಕ್ಕೂ ಅಲ್ಲಲ್ಲಿ ಊರಿನ ಪ್ರಸಿದ್ಧ ಕ್ವಿಲ್ಟ್‌ಗಳನ್ನು ದೊಡ್ಡ ಹಲಗೆಗಳ ಮೇಲೆ ಬಣ್ಣದಲ್ಲಿ ಬರೆದು ನಿಲ್ಲಿಸಿದ್ದಾರೆ. ಆದರೆ ಆ ದಿನ ಹಲಗೆಗಳನ್ನು ಯಾರೂ ನೋಡುತ್ತಿರಲಿಲ್ಲ. ಜಗುಲಿಯ ಕಟಕಟೆ, ಮರದಿಂದ ಮರಕ್ಕೆ ಕಟ್ಟಿದ ಹಗ್ಗ, ಬೇಲಿ, ಎಲ್ಲೆಲ್ಲೂ ಕ್ವಿಲ್ಟ್‌ಗಳೇ. ಗಾಳಿ ಬಂದಾಗ ಅವು ಹೊಟ್ಟೆ ತುಂಬಿಕೊಂಡು ಮತ್ತೆ ಇಳಿಯುತ್ತಿದ್ದವು. ದೀಪಾವಳಿಯ ಮುಂಚೆ ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ಒಗೆದು ಗೋಡೆಯ ಮೇಲೆ ಹಾಕಿದ ನಮ್ಮ ಓಣಿ ನನಗೆ ನೆನಪಾಯಿತು. ಅವ್ವನಿಗೆ ನೆನಪಾಗಿದ್ದರೂ ಅವಳು ಅದನ್ನು ಹೇಳಲು ನಿಲ್ಲಲಿಲ್ಲ, ನೇರವಾಗಿ ಮೊದಲ ಹಗ್ಗದ ಹಿಂಬದಿಗೆ ಹೋದಳು.

ಹಿಂದಿನ ಮಗ್ಗುಲು ಇಲ್ಲಿ ಎಲ್ಲರಿಗೂ ತೆರೆದಿತ್ತು. ಹಳೆಯ ಕ್ವಿಲ್ಟ್‌ಗಳಲ್ಲಿ ಅದು ಗೊಬ್ಬರದ, ಹಿಟ್ಟಿನ, ಸಕ್ಕರೆಯ ಹತ್ತಿಚೀಲಗಳನ್ನು ಬಿಚ್ಚಿ ಜೋಡಿಸಿದ್ದು. ಒಂದರಲ್ಲಿ ಮಾಸಿದ ಅಕ್ಷರಗಳು ತಲೆಕೆಳಗಾಗಿ ಇನ್ನೂ ಕಾಣುತ್ತಿದ್ದವು. ಅವ್ವ ಸಾಲುಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ ಕೆಲವು ಕಡೆ ತಲೆಯಾಡಿಸಿದಳು, ಕೆಲವು ಕಡೆ ಮೂಗು ಮುರಿದಳು. ಒಂದೇ ಕ್ವಿಲ್ಟ್‌ನಲ್ಲಿ ಎರಡು ಬೇರೆ ಕೈಗಳಿವೆಯೆಂದೂ ಬಲಗಡೆಯವಳ ಕೈ ಬಿಗಿ, ಎಡಗಡೆಯವಳದು ಸಡಿಲವೆಂದೂ ಅವಳು ತೀರ್ಪು ಕೊಟ್ಟಾಗ ನಾನು ನಂಬಲಿಲ್ಲ. ಆ ಮನೆಯ ಹಿರಿಯ ಹೆಂಗಸು ಜಗುಲಿಯಿಂದ ಇಳಿದು ಬಂದು ಅದನ್ನು ಖಚಿತಪಡಿಸಿದರು: ಅವರ ತಾಯಿ ಮತ್ತು ಅತ್ತೆ ಚೌಕಟ್ಟಿನ ಎರಡು ಬದಿಗೆ ಕುಳಿತು ಹೊಲಿದದ್ದಂತೆ. ಅಲ್ಲಿಂದ ಮುಂದೆ ನನ್ನ ಪಾತ್ರ ದುಭಾಷಿಯದು, ಅದೂ ಅರ್ಧ ಹೊತ್ತು. ಉಳಿದರ್ಧ ಹೊತ್ತು ಅವರಿಬ್ಬರೂ ಕೈಯಿಂದಲೇ ಮಾತಾಡಿದರು.

ಆ ಮಾತುಕತೆಯಲ್ಲಿ ನಾನು ಕಲಿತದ್ದು, ನನ್ನ ಕಣ್ಣಿಗೆ ಒಂದೇ ಎನಿಸಿದ್ದ ಎರಡು ಕೆಲಸಗಳು ಎಷ್ಟು ಬೇರೆ ಎಂಬುದನ್ನು. ಹೌಸ್‌ಟಾಪ್ ನಡುವಿನಿಂದ ಶುರುವಾಗುತ್ತದೆ. ಮೊದಲು ಒಂದು ತುಂಡು, ಅದರ ಒಂದು ಬದಿಗೆ ಪಟ್ಟಿ, ತಿರುಗಿಸಿ ಇನ್ನೊಂದು ಬದಿಗೆ ಪಟ್ಟಿ, ಹೀಗೆ ಸುತ್ತುತ್ತ ಸುತ್ತುತ್ತ ಹೊರಕ್ಕೆ ಬೆಳೆಯುತ್ತದೆ. ಬಟ್ಟೆ ಮುಗಿದಲ್ಲಿಗೆ ಅಂಚು. ಮೇಲ್ಬಟ್ಟೆ ಹೀಗೆ ತಯಾರಾದ ಮೇಲೆ ಅದಕ್ಕೂ ಅಡಿಬಟ್ಟೆಗೂ ನಡುವೆ ಹತ್ತಿ ತುಂಬಿ, ಮರದ ಚೌಕಟ್ಟಿಗೆ ಬಿಗಿದು, ಮೂರೂ ಪದರು ಸೇರಿಸಿ ಹೊಲಿಯುತ್ತಾರೆ. ಹಿಂದೆ ಆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ನೆಲ ಗುಡಿಸಿ ತಂದ ಕಸರು, ಗುಡಿಸಿದ ಅಂಗಳದಲ್ಲಿ ಹರವಿ ಕೋಲಿನಿಂದ ಬಡಿದು ಹದ ಮಾಡಿದ್ದು. ನಮ್ಮ ಕೌದಿಗೆ ಹತ್ತಿಯೂ ಇಲ್ಲ, ಚೌಕಟ್ಟೂ ಇಲ್ಲ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ನೆಲದ ಮೇಲೆ ಹಾಸಿ, ಅಂಚಿನಿಂದ ತ್ಯಾಪೆ ಇಡುತ್ತ, ಅದೇ ಹೊಲಿಗೆಯಲ್ಲಿ ತ್ಯಾಪೆಯನ್ನೂ ಪದರುಗಳನ್ನೂ ಹಿಡಿಯುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ. ಕೊನೆಯ ಹೊಲಿಗೆ ಬೀಳುವುದು ನಡುವಿನಲ್ಲಿ. ದೂರದಿಂದ ನೋಡಿದರೆ ಎರಡೂ ಚೌಕದೊಳಗಿನ ಚೌಕ. ಒಂದು ಹೊರಗೆ ಹೋದ ದಾರಿ, ಇನ್ನೊಂದು ಒಳಗೆ ಬಂದ ದಾರಿ. ನಡುವನ್ನು ಮುಚ್ಚುವ ಮುನ್ನ ರೊಟ್ಟಿಯ ಚೂರು, ನಾಲ್ಕು ಕಾಳು ಅಕ್ಕಿ ಇಟ್ಟು ‘ಕೌದಿಯ ಹೊಟ್ಟೆ ತುಂಬಿಸುವ’ ರೂಢಿಯನ್ನು ಅವ್ವ ಅಭಿನಯಿಸಿ ತೋರಿಸಿದಾಗ ಆ ಹಿರಿಯರು ಜೋರಾಗಿ ನಕ್ಕು, ತಮ್ಮ ಮನೆಯಲ್ಲಿ ಕ್ವಿಲ್ಟ್‌ಗೆ ಕೊಡಲು ರೊಟ್ಟಿ ಮಿಕ್ಕುತ್ತಿರಲಿಲ್ಲ ಎಂದರು.

ಅದು ತಮಾಷೆಯ ಮಾತಾದರೂ ಪೂರ್ತಿ ತಮಾಷೆಯಲ್ಲ. 1932ರಲ್ಲಿ, ಹತ್ತಿಯ ಬೆಲೆ ಕುಸಿದ ಕಾಲದಲ್ಲಿ, ಇವರಿಗೆ ಸಾಲ ಕೊಟ್ಟಿದ್ದ ಕ್ಯಾಮ್ಡೆನ್‌ನ ವ್ಯಾಪಾರಿ ತೀರಿಕೊಂಡ. ಅವನ ಹೆಂಡತಿಯ ಕಡೆಯವರು ನದಿ ದಾಟಿ ಬಂದು ಕಾಳು, ದನ, ನೇಗಿಲುಗಳನ್ನೆಲ್ಲ ಹೊತ್ತೊಯ್ದರು. ಆ ಚಳಿಗಾಲ ರೆಡ್‌ಕ್ರಾಸ್‌ನ ರೇಶನ್ನಿನ ಮೇಲೆ ಊರು ಉಳಿಯಿತು. 1937ರಲ್ಲಿ ಸರ್ಕಾರದ ಪರವಾಗಿ ಬಂದ ಛಾಯಾಗ್ರಾಹಕ ಆರ್ಥರ್ ರಾಥ್‌ಸ್ಟೀನ್ ತೆಗೆದ ಚಿತ್ರಗಳಲ್ಲಿ ಮರದ ಗುಡಿಸಲುಗಳ ಒಳಗೋಡೆಗೆ ಗಾಳಿ ತಡೆಯಲು ವೃತ್ತಪತ್ರಿಕೆ ಅಂಟಿಸಿರುವುದು ಕಾಣುತ್ತದೆ. ಕ್ವಿಲ್ಟ್ ಇಲ್ಲಿ ಮೊದಲು ಚಳಿಗೆ ಹುಟ್ಟಿದ್ದು. ಆದರೆ ಚಳಿಗೆ ಮಾತ್ರವೇ ಆಗಿದ್ದರೆ ಆ ಕೆಂಪು ಪಟ್ಟಿಯನ್ನು ಅಲ್ಲಿಯೇ ಇಡಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೆಸರಿರುವ ಮಾದರಿಗಳನ್ನು ಬಿಟ್ಟು ತನ್ನ ಮನಸ್ಸಿಗೆ ಬಂದಂತೆ ಜೋಡಿಸುವುದನ್ನು ಇಲ್ಲಿಯವರು ‘ನನ್ನ ರೀತಿ’ ಎಂದು ಕರೆಯುತ್ತಾರೆ, ಅದನ್ನು ಹೇಳುವಾಗ ದನಿಯಲ್ಲಿ ಸಣ್ಣ ಬಿಂಕವೂ ಇರುತ್ತದೆ.

ಹಗ್ಗಕ್ಕೆ ಹರವಿದ ಕ್ವಿಲ್ಟ್‌ಗಳು ಹೊರಗಿನವರ ಕಣ್ಣಿಗೆ ಬಿದ್ದದ್ದು ಇದೇ ಮೊದಲಲ್ಲ. 1965ರ ಡಿಸೆಂಬರ್‌ನಲ್ಲಿ ಫ್ರಾನ್ಸಿಸ್ ಎಕ್ಸ್. ವಾಲ್ಟರ್ ಎಂಬ ಪಾದ್ರಿ ಈ ಸೀಮೆಯಲ್ಲಿ ಹೋಗುವಾಗ ಒಂದು ಮನೆಯ ಹಗ್ಗದ ಮೇಲೆ ಮೂರು ಕ್ವಿಲ್ಟ್‌ಗಳನ್ನು ಕಂಡರಂತೆ. ಒಂದಕ್ಕೆ ಹತ್ತು ಡಾಲರ್‌ನಂತೆ ಕೊಂಡು ನ್ಯೂಯಾರ್ಕಿನಲ್ಲಿ ಹರಾಜು ಹಾಕಿಸಿದರು. ಅದರಿಂದ 1966ರಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಹೆಂಗಸರ ಸಹಕಾರ ಸಂಘ ಹುಟ್ಟಿತು. ಮತದಾರರ ಪಟ್ಟಿಗೆ ಹೆಸರು ಬರೆಸಿದ್ದಕ್ಕೆ ಗೇಣಿಯ ನೆಲ, ಮನೆ ಕಳೆದುಕೊಂಡವರಿದ್ದ ಕಾಲದಲ್ಲಿ ಅದು ನಗದು ಕಾಸು ತಂದ ಕೆಲಸ. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡರಾಯ್ ದಿಂಬಿನ ಗವಸು ಹೊಲಿದುಕೊಡುವ ಗುತ್ತಿಗೆ ಸಿಕ್ಕಿತು. ಗವಸುಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ, ಬೇಸರದ ಕೆಲಸ. ಆದರೆ ಕತ್ತರಿಸಿ ಉಳಿದ ಬೆಣ್ಣೆಹಣ್ಣಿನ ಹಸಿರು, ಹೊಂಬಣ್ಣ, ಕೆಂಪು ಚೂರುಗಳು ಮನೆಮನೆಗೆ ಹೋಗಿ, ಆ ದಶಕದ ಕ್ವಿಲ್ಟ್‌ಗಳಿಗೆ ಹಿಂದೆಂದೂ ಇರದ ಮೆತ್ತನೆಯ ಹೊಳಪು ಕೊಟ್ಟವು. ನಾನು ಗುರುವಾರ ನೋಡಿದ ಬಣ್ಣಗಳ ಮೂಲ ಇದೇ ಇರಬೇಕು.

1998ರ ಸುಮಾರಿಗೆ ವಿಲಿಯಂ ಆರ್ನೆಟ್ ಎಂಬ ಸಂಗ್ರಾಹಕ ಸೌದೆ ರಾಶಿಯ ಮೇಲೆ ಹಾಸಿದ್ದ ಕ್ವಿಲ್ಟ್ ಒಂದರ ಛಾಯಾಚಿತ್ರ ನೋಡಿ, ಅದನ್ನು ಹೊಲಿದ ಆ್ಯನಿ ಮೇ ಯಂಗ್ ಅವರನ್ನು ಹುಡುಕಿಕೊಂಡು ಬಂದರು. ಸಂಗ್ರಹಾಲಯಗಳ ಕಥೆ ಅಲ್ಲಿಂದ ಆರಂಭ. ಹೆಸರಿನ ಹಿಂದೆ ಹಣ ಬಂತು, ಹಣದ ಹಿಂದೆ ತಕರಾರೂ. 2007ರಲ್ಲಿ ನ್ಯಾಯಾಲಯಕ್ಕೆ ಹೋದ ವ್ಯಾಜ್ಯಗಳು ಮರುವರ್ಷ ರಾಜಿಯಲ್ಲಿ ಮುಗಿದವು. ಈಗ ದೊಡ್ಡ ಕ್ವಿಲ್ಟ್ ಒಂದಕ್ಕೆ ಹಲವು ಸಾವಿರ ಡಾಲರ್ ಬೆಲೆಯಿದೆ. ಅದನ್ನು ರೂಪಾಯಿಗೆ ತಿರುಗಿಸಿ ಹೇಳಿದಾಗ ಅವ್ವ ಜಗುಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಮ್ಮೂರಿಗೆ ಕೌದಿ ಹೊಲಿಯಲು ಬರುತ್ತಿದ್ದ ಹೆಂಗಸರಿಗೆ ಜೋಳ, ಊಟ, ಒಂದಿಷ್ಟು ದುಡ್ಡು ಕೊಟ್ಟು, ಅದರಲ್ಲೂ ಚೌಕಾಶಿ ಮಾಡಿದ ನೆನಪು ಅವಳಿಗೆ ಬಂದಿರಬೇಕು. ಕೊನೆಗೆ ನಾವು ಕೊಂಡದ್ದು ಬಿಸಿ ಪಾತ್ರೆ ಹಿಡಿಯುವ ಅಂಗೈಯಗಲದ ಒಂದು ಚೌಕ. ಅವಳ ಪಾಲಿಗೆ ಅದು ಮಸಿ ಅರಿವಿ.

ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕವಂದಿಯನ್ನು ಕಂಡವರಿಗೆ ಜೀಸ್ ಬೆಂಡ್ ಇನ್ನೂ ಹತ್ತಿರವೆನಿಸುತ್ತದೆ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರ ವಂಶಜರು ಅವರು; ಅವರ ಕವಂದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿಸಲಾಗಿತ್ತು. ಎರಡೂ ಕಡೆ ಆಫ್ರಿಕಾ, ಎರಡೂ ಕಡೆ ಗುಲಾಮಗಿರಿ, ಎರಡೂ ಕಡೆ ಚಿಂದಿಯ ಹೊದಿಕೆ ಎಂದು ರಕ್ತದಲ್ಲಿ ಉತ್ತರ ಹುಡುಕಲು ಮನಸ್ಸು ಹಾತೊರೆಯುತ್ತದೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಸಿದ್ದಿಯರು ಅಂಚಿನಿಂದ ನಡುವಿಗೆ ಹೊಲಿಯುವುದು ನಮ್ಮ ಕೌದಿಯವರ ಹಾಗೆಯೇ, ಜೀಸ್ ಬೆಂಡ್‌ನವರ ಹಾಗಲ್ಲ. ಮೂಲೆಗಳಿಗೆ ಅವರು ಬಟ್ಟೆ ಮಡಚಿ ಇಡುವ ತ್ರಿಕೋನದ ‘ಫೂಲ’ ಇಲ್ಲದಿದ್ದರೆ ಕವಂದಿ ಬತ್ತಲೆಯೆಂದು ಭಾವಿಸುತ್ತಾರೆ. ಇಲ್ಲಿಯ ಮೂಲೆಗಳು ಬರಿದಾಗಿದ್ದವು. ಆಕಾರ, ವಂಶಗಳಿಗಿಂತ ಕೆಳಗೆ ಇನ್ನೊಂದು ನಂಟಿದೆ, ಅದು ಮೈಮೇಲೆ ಸವೆದ ಬಟ್ಟೆಯನ್ನು ಎಸೆಯಲಾರದವರ ನಂಟು.

ಸಂಜೆಯ ಹೊತ್ತಿಗೆ ನಾನು ಆ ಹಿರಿಯರಿಗೆ ಮಿಸೌರಿ ಪೆಟ್‌ವೇ ಅವರ ಕ್ವಿಲ್ಟ್ ಬಗ್ಗೆ ಕೇಳಿದೆ. ಅದು ಈಗ ವಾಷಿಂಗ್ಟನ್‌ನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ಫೋನಿನಲ್ಲಿದ್ದ ಅದರ ಚಿತ್ರವನ್ನು ಅವ್ವನಿಗೂ ತೋರಿಸಿದೆ. ಮಾಸಿದ ನೀಲಿ, ಬೂದು, ಬಿಳಿ, ಒಂದಿಷ್ಟು ಮಾಸಲು ಕೆಂಪು. 1942ರಲ್ಲಿ ಗಂಡ ನಥಾನಿಯಲ್ ತೀರಿಕೊಂಡ ಮೇಲೆ ಮಿಸೌರಿ ಅವನ ಕೆಲಸದ ಬಟ್ಟೆಗಳನ್ನೆಲ್ಲ ಬಿಚ್ಚಿ, ಹದಿಹರೆಯದ ಮಗಳು ಆರ್ಲೋನ್ಜಿಯಾಳನ್ನು ಜೊತೆಗೆ ಕೂರಿಸಿಕೊಂಡು ಅದನ್ನು ಹೊಲಿದರು. ಅವನ ನೆನಪಿಗೆ, ಪ್ರೀತಿಗೆ ಹೊದ್ದುಕೊಳ್ಳುತ್ತೇನೆ ಎಂದು ತಾಯಿ ಹೇಳಿದ್ದನ್ನು ಆ ಮಗಳು ಮುಪ್ಪಿನಲ್ಲಿ ನೆನೆಸಿಕೊಂಡಿದ್ದರು. ಆ ಕಥೆ ಈ ಊರಿನ ಎಲ್ಲರಿಗೂ ಗೊತ್ತು. ಅವ್ವ ಮಾತ್ರ ಚಿತ್ರವನ್ನು ಬಹಳ ಹೊತ್ತು ನೋಡಿ, “ಸತ್ತವರ ಅರಿವಿ ನಾವು ಇಟ್ಕೊಳ್ಳಂಗಿಲ್ಲ” ಎಂದಳು. ನಾನು ಅದನ್ನು ಅನುವಾದಿಸಿದೆ. ಹಿರಿಯರು ತಲೆದೂಗಿದರು, ವಾದಿಸಲಿಲ್ಲ.

ಈ ಮಾತುಗಳಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ದಡಕ್ಕೆ ಬಂದಾಗ ಕೊನೆಯ ಫೆರ್ರಿ ನದಿಯ ನಡುವೆ ಇತ್ತು. ವೇಳಾಪಟ್ಟಿ ನನ್ನ ಕಿಸೆಯಲ್ಲೇ ಇದ್ದುದರಿಂದ ಯಾರನ್ನೂ ದೂರುವಂತಿರಲಿಲ್ಲ. ಎದುರು ದಡ ಕಣ್ಣಿಗೆ ಕಾಣುತ್ತಿದ್ದಂತೆಯೇ ಕಾರು ತಿರುಗಿಸಿ, ಆಲ್ಬರ್ಟಾ ಎಂಬ ಊರಿನ ಮೇಲೆ ಹಾಯುವ ಆ ಸುತ್ತುರಸ್ತೆಯನ್ನೇ ಹಿಡಿದೆವು. ಪೈನ್ ಮರಗಳ ನಡುವೆ ಎದುರಿಗೆ ಒಂದು ಗಾಡಿಯೂ ಬರದ, ದೀಪವಿಲ್ಲದ ರಸ್ತೆ. ಒಂದು ತಾಸಿನ ದಾರಿ. ಅರ್ಧ ದಾರಿಯವರೆಗೆ ಅವ್ವ ಮಾತಾಡಲಿಲ್ಲ.

ಆಮೇಲೆ, ನಾನೇನೂ ಕೇಳದಿದ್ದರೂ, ಅಪ್ಪನ ಬಟ್ಟೆಗಳನ್ನು ಯಾರ್ಯಾರಿಗೆ ಕೊಟ್ಟೆನೆಂದು ಲೆಕ್ಕ ಹೇಳತೊಡಗಿದಳು. ಅಂಗಿಗಳು ಅಗಸರ ಮನೆಗೆ, ಕೋಟು ಹೊಲದ ಆಳಿಗೆ, ಪಟಗ ಕಾಕಾನ ಮನೆಗೆ. ಮೂರು ವರ್ಷದ ಹಿಂದೆ ಆ ಹಂಚಿಕೆ ನಡೆದಾಗ ನಾನು ಊರಿನಲ್ಲೇ ಇದ್ದೆ, ಎಲ್ಲ ನನಗೆ ಗೊತ್ತಿದ್ದದ್ದೇ.

“ಧೋತರ?” ಎಂದೆ.

“ಒಂದ ಧೋತರ ಕೊಡಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಕೌದಿ ಒಳಗಿನ ಪದರಿಗೆ ಹಾಕೀನಿ. ಮ್ಯಾಲ ಸೀರಿ, ಕೆಳಗ ಸೀರಿ. ಒಳಗ ಹಾಕಿದ್ರ ಯಾರಿಗೆ ಕಾಣತೈತಿ?”

ಕ್ಯಾಮ್ಡೆನ್ ತಲುಪಿದಾಗ ಒಂಬತ್ತು ಗಂಟೆಯಾಗಿತ್ತು.

ನಾಲ್ಕನೆಯ ದಿನ, ಭಾನುವಾರ: ಹಿಂತಿರುಗಿ

ಬಂದ ದಾರಿಯಲ್ಲೇ ಹಿಂತಿರುಗಿದ್ದರಿಂದ ಬರೆಯುವಂಥದ್ದು ಹೆಚ್ಚಿಲ್ಲ. ಸೆಲ್ಮಾ ದಾಟಿದ ಮೇಲೆ ರಸ್ತೆ ಬದಿಯಲ್ಲಿ, ಯಂತ್ರದಿಂದ ಆಗಲೇ ಬಿಡಿಸಿ ಮುಗಿಸಿದ್ದ ಹತ್ತಿಯ ಹೊಲವೊಂದು ಕಂಡಿತು. ಆಳೆತ್ತರದ ದುಂಡನೆಯ ಹತ್ತಿ ಹೊರೆಗಳು ಹಳದಿ ಪ್ಲಾಸ್ಟಿಕ್ ಸುತ್ತಿಕೊಂಡು ಸಾಲಾಗಿ ಬಿದ್ದಿದ್ದವು. ಗಾಳಿಗೆ ಹಾರಿಬಂದ ಹತ್ತಿ ರಸ್ತೆಯ ಅಂಚಿಗೆ ಚೆಲ್ಲಿತ್ತು. ಕಾರು ನಿಲ್ಲಿಸಲು ಹೇಳಿ ಅವ್ವ ಇಳಿದಳು, ಮಣ್ಣು ತಾಗದ ನಾಲ್ಕೈದು ತೊಳೆ ಆರಿಸಿಕೊಂಡಳು, ಒಂದರ ಎಳೆಯನ್ನು ಎರಡು ಕೈಯ ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿದಳು.

“ಎಳಿ ಉದ್ದ ಐತಿ. ಒಂದೆರಡ ಬೀಜ ಒಯ್ತೀನಿ.”

ಬೀಜ ಒಯ್ಯಲು ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲವೆಂದು ನಾನು ಹೇಳಿದೆ. ಹಿಂದೆ ಹಡಗಿನಲ್ಲಿ ಹೆಂಗ ಬಿಟ್ಟರು ಎಂದು ಅವಳು ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅವಳು ಒಂದೊಂದೇ ಬೀಜವನ್ನು ಉಗುರಿನಿಂದ ಬಿಡಿಸಿ ಹೊಲದ ಕಡೆಗೆ ಎಸೆದು, ಹತ್ತಿಯನ್ನು ಮಾತ್ರ ಮಡಿಲಲ್ಲಿ ಹಾಕಿಕೊಂಡು ಕಾರು ಹತ್ತಿದಳು. ಜಾರ್ಜಿಯಾ ಗಡಿ ದಾಟುವಾಗ ಪಕ್ಕಕ್ಕೆ ತಿರುಗಿ ನೋಡಿದರೆ, ಬೆರಳಿಗೆ ಬಾಟಲಿಯ ನೀರು ತಾಗಿಸಿಕೊಂಡು ಅಂಗೈಯ ಮೇಲೆ ಹತ್ತಿ ಹೊಸೆಯುತ್ತಿದ್ದಳು. ಮನೆಯ ಮುಂದೆ ಕಾರು ನಿಲ್ಲಿಸುವಷ್ಟರಲ್ಲಿ ದೇವರ ದೀಪಕ್ಕೆ ಹದಿನಾರು ಬತ್ತಿಗಳಾಗಿದ್ದವು.